ಹಿಂದಿನ ಅರ್ಧ

ಮನೆ ಅವನಿಗೆ, ದೋಣಿ ನನಗೆ,
ನಾಯಿ ಯಾರ ಹಿಂದೆ ಹೋಗುತ್ತದೋ ಅವರಿಗೆ.
ಅದು ಪಕ್ಕದ ಮನೆಗೆ ಹೋಯಿತು.
ವಕೀಲರು ಚಮಚಗಳನ್ನೂ ಎಣಿಸಿ ಬರೆದರು,
ಕಾರೊಂದನ್ನು ಮರೆತರು.
ನಾವಿಬ್ಬರೂ ನೆನಪಿಸಲಿಲ್ಲ.

ಎಂಬತ್ತೈದರ ಮಾಜ್ದಾ. ಎರಡೇ ಸೀಟು.
ಬಾನೆಟ್ಟಿನೊಳಗೆ ಕಣ್ಣು ಮುಚ್ಚಿ ಮಲಗುವ ದೀಪಗಳು.
ಎಡಗಣ್ಣು ಈಗ ಅರ್ಧಕ್ಕೇ ನಿಲ್ಲುತ್ತದೆ,
ನಿದ್ದೆಗೆಟ್ಟವರ ಹಾಗೆ.
ವಾಂಗನೂಯಿಯ ಈ ಕಡಲಂಚಿನ ಶೆಡ್ಡಿನಲ್ಲಿ
ಕಪ್ಪು ಮರಳು ಬಾಗಿಲ ಸಂದಿಯಿಂದ ನುಸುಳಿ
ಏಳು ವರ್ಷದಿಂದ ಟೈರುಗಳ ಸುತ್ತ ಕೂತಿದೆ.
ಉಪ್ಪುಗಾಳಿ ಹೊಸ್ತಿಲ ಪಟ್ಟಿಯನ್ನು
ಇಲಿ ಬ್ರೆಡ್ಡು ತಿಂದ ಹಾಗೆ ತಿಂದಿದೆ.

ಹ್ಯಾಮಿಲ್ಟನ್ನಿನಿಂದ ಒಬ್ಬ ಫೋನು ಮಾಡಿದ:
'ಎಂಜಿನ್ ಬೇಡ. ಮೈಯೊಂದು ಕೊಡಿ.
ಒಳಗೆ ದೊಡ್ಡದೊಂದು ವಿ-ಎಯ್ಟ್ ಇಳಿಸುತ್ತೇನೆ.
ನಾಲ್ಕು ಸಾವಿರ ಡಾಲರ್, ಕೈಮೇಲೆ.'
ಎಂಜಿನ್ ಸರಿಮಾಡಲು ತವೀತಾ ಹೇಳಿದ್ದು ಒಂಬತ್ತು.
ಮೂಗಿಗಿಂತ ಮೂಗುತಿ ಭಾರ.
ಮಾರಲು ಎರಡು ಸಹಿ ಬೇಕು.
ಆದ್ದರಿಂದ ಡೆಸ್ ಬಂದ,
ಜಲಸಂಧಿ ದಾಟಿ, ಹಡಗಿನಲ್ಲಿ, ಕೂದಲು ಕಡಿಮೆಯಾಗಿ.

ಕಾಗದ ಬಾನೆಟ್ಟಿನ ಮೇಲಿತ್ತು. ಪೆನ್ನೂ ಇತ್ತು.
'ಒಮ್ಮೆ ಉಸಿರು ನೋಡೋಣವೇ' ಅಂದೆ,
ಯಾಕೆ ಅಂದೆನೋ.

ಈ ಎಂಜಿನ್ನಿನಲ್ಲಿ ಏರಿಳಿಯುವುದು ಏನೂ ಇಲ್ಲ.
ಎರಡು ಮುಕ್ಕೋನಗಳು,
ಒಂದೇ ದಂಡಕ್ಕೆ ಪೋಣಿಸಿದವು,
ಒಂದರ ಹಿಂದೊಂದು ತಿರುಗುತ್ತವೆ.
ಮೂಲೆಮೂಲೆಗೂ ಬೆರಳುದ್ದದ ಲೋಹದ ಪಟ್ಟಿ
ಗೋಡೆಗೆ ಒತ್ತಿಕೊಂಡು ಉಸಿರು ಹಿಡಿದಿರುತ್ತದೆ.
ಅದು ಮುರಿದರೆ ಮುಗಿಯಿತು.

ಅವನು ಕೀಲಿ ತಿರುಗಿಸಿದ. ನಾನು ಮೀಟರ್ ಹಿಡಿದೆ.
ಮುಂದಿನದು: ಠಪ್ ಠಪ್ ಠಪ್,
ಮೊರೊಕ್ಕೆ ಸೂಡಿ ಬಡಿದ ಹಾಗೆ ಸಮವಾಗಿ.
ಹಿಂದಿನದು: ಠಪ್. ಫುಸ್. ಫುಸ್.
ಮತ್ತೆ: ಠಪ್. ಫುಸ್. ಫುಸ್.
ಮುಳ್ಳು ಒಮ್ಮೆ ಎದ್ದು
ಎರಡು ಸಲ ನಾಚಿಕೊಂಡು ಕೂತಿತು.

'ಮುಂದಿನ ಅರ್ಧ ನನ್ನದು,'
ಕಿಟಕಿಯಿಂದ ಡೆಸ್ ಕೂಗಿದ.
ನಕ್ಕುಬಿಟ್ಟೆ. ಗ್ರೀಸಿನ ಕೈ ಹಣೆಗೆ ತಾಗಿತು.
ಆ ಶೆಡ್ಡಿನಲ್ಲಿ ನಕ್ಕು ಎಷ್ಟು ವರ್ಷವಾಗಿತ್ತೋ.
ತಪ್ಪು ತಿಳಿಯಬೇಡಿ.
ನೆಲ್ಸನ್ನಿನಲ್ಲಿ ಅವನಿಗೊಂದು ಸಂಸಾರವಿದೆ,
ನನಗೂ ಇಲ್ಲಿ ಸ್ಕೂಲ್ ಬಸ್ಸಿನ ನಲವತ್ತು ಮಕ್ಕಳು,
ಶುಕ್ರವಾರಕ್ಕೊಬ್ಬ ಗೆಳೆಯ.
ಇದು ಕಾರಿನ ಪದ್ಯ.

ತವೀತಾಗೆ ಫೋನು ಮಾಡಿದೆ:
'ಹಿಂದಿನದಷ್ಟನ್ನೇ ಬಿಚ್ಚಿದರೆ ಆಗದೇ?'
ಅವನು ಏನೋ ತಿನ್ನುತ್ತಿದ್ದ.
'ಆಗೋದಿಲ್ಲ ನೈರಿ.
ಮುಂದಿನಿಂದ ಹಿಂದಿನವರೆಗೂ ಒಂದೇ ಉದ್ದದ ಬೋಲ್ಟುಗಳು.
ಸಡಿಲಿಸಿದರೆ ಎರಡೂ ಬಿಚ್ಚಿಕೊಳ್ಳುತ್ತವೆ.
ಚೆನ್ನಾಗಿರುವುದನ್ನೂ ತೆರೆದು ನೋಡಬೇಕಾಗುತ್ತೆ.
ಕೆಲವೊಮ್ಮೆ ಅಲ್ಲೂ ಗೀರು ಇರುತ್ತೆ.'

ಡೆಸ್ ಎಲ್ಲ ಕೇಳಿಸಿಕೊಂಡ.
ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.
ಹೊರಗೆ ಗಲ್ ಹಕ್ಕಿಯೊಂದು ತಗಡಿನ ಮೇಲೆ
ಬಾಡಿಗೆ ಕೇಳಲು ಬಂದವರ ಹಾಗೆ ನಡೆದಾಡುತ್ತಿತ್ತು.

'ಫ್ಲೈವೀಲಿನ ನಟ್ಟು ನೆನಪಿದೆಯಾ?' ಅಂದ.
ನೆನಪಿಲ್ಲದೆ ಏನು.
ತೊಂಬತ್ತೆಂಟರಲ್ಲಿ, ಇದೇ ನೆಲದಲ್ಲಿ,
ಎರಡು ಮೀಟರ್ ಪೈಪು ಸಿಕ್ಕಿಸಿ ಅವನು ನೇತಾಡಿದ್ದ,
ಎಂಜಿನ್ ಉರುಳದಂತೆ ನಾನು ಮೇಲೆ ಕೂತಿದ್ದೆ.
ಒಬ್ಬರಿಂದ ಅದು ಬಿಚ್ಚುವುದಿಲ್ಲ.
ಬಿಚ್ಚಿದ ಕ್ಷಣ ಇಬ್ಬರೂ ಬಿದ್ದಿದ್ದೆವು.

ಹ್ಯಾಮಿಲ್ಟನ್ನಿನವನಿಗೆ ಏನು ಹೇಳುವುದು,
ಒಂಬತ್ತು ಸಾವಿರ ಎಲ್ಲಿಂದ,
ಯಾವುದನ್ನೂ ನಾವು ಮಾತಾಡಲಿಲ್ಲ.
ನಾಳೆ ಮಧ್ಯಾಹ್ನದ ಹಡಗಿಗೆ ಅವನು ಹೊರಡಬೇಕು.
ಬೆಳಿಗ್ಗೆ ಒಂದಷ್ಟು ಹೊತ್ತಿದೆ.

ಕಾಗದವನ್ನು ನಾಲ್ಕು ಮಡಿಕೆ ಮಾಡಿ
ಎಣ್ಣೆ ತೊಟ್ಟಿಕ್ಕುವಲ್ಲಿ ಇಟ್ಟೆ.
ಅವನು ಶೆಡ್ಡಿನ ಹಿಂದೆ, ಹುಲ್ಲಿನಲ್ಲಿ,
ಆ ಪೈಪು ಹುಡುಕುತ್ತಿದ್ದಾನೆ.