ಹನ್ನೆರಡನೇ ಕಾಲಂ

ಒಂದು ತಾಕಿಗೆ ಹತ್ತು ರೂಪಾಯಿ ನನಗೆ.
ಇಬ್ಬನಿ ಆರುವ ಮೊದಲೇ ಹೊರಟರೆ
ಸಂಜೆಗೆ ನಲವತ್ತು ತಾಕು,
ಚೂಡಿದಾರದ ಅಂಚಿಗೆ ಲೆಕ್ಕವಿಲ್ಲದಷ್ಟು ಉತ್ತರಾಣಿ.
ಬದುವಿನಲ್ಲಿ ನಿಂತು ಫೋಟೊ ತೆಗೆದರೆ ಆಗದು,
ಒಳಗೆ ಇಳಿಯಬೇಕು, ಇಲ್ಲವಾದರೆ ಫೋನು ಗದರುತ್ತದೆ:
‘ನೀವು ಜಮೀನಿನ ಹೊರಗಿದ್ದೀರಿ.’

ಕಿರುಗಾವಲಿನಿಂದ ಈಚೆ, ನಾಲೆಯ ತೂಬು ದಾಟಿದರೆ
ನೂರಾ ಹದಿನಾಲ್ಕರ ಎರಡು.
ಒಂದು ಎಕರೆ ನಾಲ್ಕು ಗುಂಟೆ ಭತ್ತ,
ಬದುವಿನ ಉದ್ದಕ್ಕೂ ಅಲಸಂದೆ,
ಮೂಲೆಯಲ್ಲಿ ಯಾರಿಗೂ ಹೇಳದೆ ಹುಟ್ಟಿಕೊಂಡ ಸೋರೆಬಳ್ಳಿ.
ಪಹಣಿಯ ಒಂಬತ್ತನೇ ಕಾಲಂನಲ್ಲಿ
ವರದರಾಜೇ ಅರಸ್ ಬಿನ್ ಲೇಟ್ ಚಂದ್ರರಾಜೇ ಅರಸ್,
ವಾಸ ಮೈಸೂರು, ಸರಸ್ವತಿಪುರಂ.
ಕೆಸರಿನಲ್ಲಿ ಜವರಮ್ಮ.

ಹನ್ನೆರಡನೇ ಕಾಲಂ ಉಳುವವರದು.
ಅಲ್ಲಿ ‘ಸ್ವಂತ’ ಎಂದು ಬರೆದಿದೆ.
ಯಾರ ಸ್ವಂತ ಎಂದು ಕೇಳಲು ಜಾಗ ಬಿಟ್ಟಿಲ್ಲ;
ಬೆಳೆ ಯಾವುದು, ನೀರು ಎಲ್ಲಿಯದು, ಫೋಟೊ ಎರಡು,
ಅಷ್ಟೇ.

ಇಪ್ಪತ್ತೊಂದು ವರ್ಷದಿಂದ ವಾರಕ್ಕೆ ಮಾಡುತ್ತಿದ್ದಾಳೆ.
ಸುಗ್ಗಿಯಲ್ಲಿ ಅರೆಪಾಲು ಅಕ್ಕಿಯಾಗಿ ಮೈಸೂರಿಗೆ ಹೋಗುತ್ತದೆ,
ಚೀಲದ ಬಾಯಿ ಹೊಲಿಯುವ ಮುಂಚೆ
ಮೇಲೊಂದು ಬೊಗಸೆ ಹಾಕುತ್ತಾಳೆ, ಯಾರೂ ಕೇಳದಿದ್ದರೂ.
ವರ್ಷಕ್ಕೆ ಮೂರು ಸಲ ಎರಡೆರಡು ಸಾವಿರ
ಅರಸರ ಖಾತೆಗೆ ಬಂದು ಬೀಳುತ್ತದೆ.
ಅವರು ಕೆಟ್ಟವರಲ್ಲ. ಒಮ್ಮೆ ಕಂಡಿದ್ದೇನೆ:
ಬಿಳಿ ಶರಟು, ಕಿವಿ ಮಂದ,
ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದಿದ್ದರು.
ದುಡ್ಡು ಬಂದದ್ದೂ ಗೊತ್ತಿರಲಿಕ್ಕಿಲ್ಲ,
ಕರೆಂಟು ಬಿಲ್ಲಿನ ಜೊತೆ ಕರಗಿಹೋಗಿರುತ್ತದೆ.

ಬಿತ್ತನೆ ಬೀಜಕ್ಕೆ ರಿಯಾಯಿತಿ ಬೇಕಾದರೂ
ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನಂಬರು ಕೇಳುತ್ತಾರೆ.
‘ಎಸ್ರು ನೋಡವ್ವ, ಅಣ್ಣು ಅಂತೆ!
ಬೇರು ನಂತಾವ, ಬುಟ್ಟಿದ್ದು ಇನ್ಯಾರ ಇತ್ತಲಲ್ಲೋ’
ಎಂದು ನಕ್ಕು, ಪೂರ್ತಿ ದರ ಎಣಿಸಿಕೊಟ್ಟು
ಮೂಟೆ ಹೊತ್ತು ಬಂದಿದ್ದಳಂತೆ.

‘ನಿನ್ನ ಹೆಸರು ಬರೆಸಿಕೊಳ್ಳಬಾರದಾ?’ ಅಂದೆ.
ಎತ್ತಿದ ಸೊಂಟ ಮತ್ತೆ ಬಗ್ಗಿಸಿ, ಕಳೆ ಕೀಳುತ್ತಲೇ:
‘ನನ್ನೆಸ್ರು ಬರುದ್ರೆ ಅರಸ್ನೋರ್ಗೆ ನಿದ್ದೆ ಇರಕ್ಕಿಲ್ಲ,
ಅವ್ರಿಗೆ ನಿದ್ದೆ ಇಲ್ದಿದ್ರೆ ನಂಗೆ ಗದ್ದೆ ಇರಕ್ಕಿಲ್ಲ.
ನೀ ಪೋಟ ತಕ್ಕೊ.’

ತೆಗೆದೆ. ಹೊಡೆ ಈಗಷ್ಟೇ ಒಡೆದಿತ್ತು.
ಚೌಕಟ್ಟಿನ ಮೂಲೆಗೆ ಅವಳ ನೆರಳು ಬಿತ್ತು, ಬಾಗಿದ್ದು.
ಬೆಳೆ ಮಾತ್ರ ಕಾಣಬೇಕು, ನಿಯಮ.
ಇನ್ನೊಮ್ಮೆ ತೆಗೆಯಲಿಲ್ಲ.

ಸಿಗ್ನಲ್ಲು ಹುಡುಕಿ ಬದು ಹತ್ತಿದೆ.
‘ನೀವು ಜಮೀನಿನ ಹೊರಗಿದ್ದೀರಿ.’
ತಿರುಗಿ ಇಳಿದು ಫೋನು ಅವಳ ಕೈಗಿಟ್ಟೆ,
ಒಂದು ಗಳಿಗೆ ಹಿಡಕೋ, ಕಾಲಿನ ಮುಳ್ಳು ತೆಗೀತೀನಿ ಅಂತ.
ಕೆಸರು ಬೆರಳುಗಳಲ್ಲಿ ಕೋಳಿಮೊಟ್ಟೆಯ ಹಾಗೆ ಹಿಡಿದು
ಗದ್ದೆಯ ನಡುವೆ ನಿಂತಳು.
ಫೋನು ಏನೂ ಅನ್ನಲಿಲ್ಲ.

‘ಆ ಅತ್ತು ರೂಪಾಯಿ ಯಾವಾಗ ಬತ್ತದೆ ನಿಂಗೆ?’
ಹೋದ ಮುಂಗಾರಿನದೇ ಇನ್ನೂ ಬಂದಿಲ್ಲ ಎಂದೆ.
‘ಅಯ್ಯೋ, ನೀನೂ ನಮ್ ಪೈಕಿನೇ ಕನ್ ಬುಡು’
ಎಂದವಳೇ ಎಳೆ ಅಲಸಂದೆ ತರಿದು
ನನ್ನ ವೇಲಿನೊಳಗೆ ಸುರಿದಳು,
ಎಣಿಸದೆ.