ಲಾಭ, ಎರಡು, ಮೂರು

ಶಿಡ್ಲಘಟ್ಟದ ಬಿಸಿನೀರಿನ ಬಟ್ಟಲಲ್ಲಿ
ಹದಿನೆಂಟು ವರ್ಷ ನೆಂದ ಬೆರಳು ನನ್ನವು.
ರೇಷನ್ ಅಂಗಡಿಯ ಯಂತ್ರಕ್ಕೆ ಇವುಗಳ ಗುರುತೇ ಹತ್ತುವುದಿಲ್ಲ.
ಈಗ ಸಂಜೆ ಆರಕ್ಕೆ, ನಮ್ಮೂರ ಪಂಚಾಯ್ತಿ ಲೈಬ್ರರಿಯಲ್ಲಿ
ಎರಡನೇ ಕಂಪ್ಯೂಟರಿನ ಮುಂದೆ
(ಮೊದಲನೆಯದು ಕೆಟ್ಟು ಕೂತಿದೆ)
ಇದೇ ಬೆರಳಲ್ಲಿ ಹೊಸ ಭಾಷೆ ಕುಟ್ಟುತ್ತೇನೆ.

ಭಾಷೆ ಕಲಿಯುವುದು ಹೊಸದೇನಲ್ಲ ನನಗೆ.
ಅವ್ವನ ಹತ್ತಿರ ತೆಲುಗು, ಶಾಲೆಯಲ್ಲಿ ಕನ್ನಡ,
ಗೂಡಿನ ಮಾರ್ಕೆಟ್ಟಿನಲ್ಲಿ ಉರ್ದು.
ಮುರಿದು ಮುಕ್ಕಾಗಿ ಆಡಿದರೂ
ಕೇಳಿದವರು ಚೂರು ಕೂಡಿಸಿಕೊಂಡು ತಲೆಯಾಡಿಸಿದರು.
ಇದು ಮಾತ್ರ ಒಂದು ಚುಕ್ಕೆ ಬಿಟ್ಟರೆ
ಮುಖ ತಿರುಗಿಸುತ್ತದೆ.
ನಮ್ಮತ್ತೆಯಾದರೂ ಎರಡು ದಿನಕ್ಕೆ ಮಾತಾಡಿಸುತ್ತಿದ್ದಳು.

ಮೊದಲ ಸಂಜೆ ಬರೆದದ್ದು ನನ್ನ ಹೆಸರು: ಮುನಿರತ್ನ.
ಅಂಥ ಹೆಸರು ಗೊತ್ತಿಲ್ಲ ಎಂದಿತು, ಕೆಂಪಕ್ಷರದಲ್ಲಿ.
ಎದೆ ಧಸಕ್ಕೆಂದಿತು.
ಶಂಶಾದ್ ಮೇಡಂ ನಕ್ಕು
ಹಿಂದೊಂದು ಮುಂದೊಂದು ಉದ್ಧರಣ ಚಿಹ್ನೆ ಹಾಕಿಸಿದರು,
ಎರಡೂ ಕಡೆ ಸಾಕ್ಷಿ ನಿಲ್ಲಿಸಿದ ಹಾಗೆ.
ಆಮೇಲೆ ಒಪ್ಪಿಕೊಂಡಿತು, ನಾನಿದ್ದೇನೆಂದು.

ಒಂದು ಸಮಚಿಹ್ನೆ ಇಟ್ಟರೆ ಕೊಡುವುದು,
ಎರಡಿಟ್ಟರೆ ಕೇಳುವುದು.
ಕೇಳಬೇಕಾದ ಕಡೆ ಕೊಟ್ಟುಬಿಟ್ಟೆ ಎಷ್ಟು ಸಲ!
ಅದು ಹಳೇ ಚಾಳಿ.

ಪುಸ್ತಕ ನೋಡಿ ಬರೆದರೆ ಕುದುರೆಯಂತೆ ಓಡುತ್ತದೆ.
ಮುಚ್ಚಿಟ್ಟರೆ ಖಾಲಿ ಪರದೆ, ಮಿಟುಕುವ ಗೀಟು, ನಾನು:
ಎಷ್ಟು ಕುಂಚ ಆಡಿಸಿದರೂ
ಕೊನೆ ಸಿಗದ ಗೂಡು.

ಒಮ್ಮೆ ನಿಲ್ಲು ಎನ್ನಲು ಮರೆತು ಸುತ್ತಿಗೆ ಬಿಟ್ಟೆ.
ಎಳೆ ಮುಗಿದರೂ ತಿರುಗುವ ರಾಟೆಯ ಹಾಗೆ
ಕೂಲಿ ಕೂಲಿ ಕೂಲಿ ಎಂದು ಪರದೆ ತುಂಬ.
ಮೇಡಂ ಓಡಿಬಂದು ಸ್ವಿಚ್ಚೇ ತೆಗೆದರು.

ತಪ್ಪು ಏಳನೇ ಸಾಲಲ್ಲಿ ಎಂದು ಬೊಟ್ಟು ಮಾಡುತ್ತದೆ.
ಏಳನೆಯದನ್ನು ಮೂರು ಸಂಜೆ ಉಜ್ಜಿದೆ.
ಇದ್ದದ್ದು ಆರರಲ್ಲಿ, ಮುಚ್ಚದೆ ಬಿಟ್ಟ ಒಂದು ಆವರಣ.
ನಾಚಿಕೆಯಾಯಿತು. ಎಳೆ ಕಡಿದ ಜಾಗದಲ್ಲಿ
ಗಂಟು ಹುಡುಕಬೇಡಿ, ಹಿಂದೆ ನೋಡಿ ಎಂದು
ಹೊಸ ಹುಡುಗಿಯರಿಗೆ ಹೇಳಿಕೊಡುವವಳು ನಾನೇ.

ಹೋದ ವಾರದ ಕೂಲಿ ಕೂಡಿಸಲು ಬರೆದೆ.
ಸೋಮವಾರದಿಂದ ಶನಿವಾರ, ಹನ್ನೊಂದು ಹೆಂಗಸರು.
ಒಂದರಿಂದ ಎಣಿಸಿದೆ, ಎಲ್ಲರೂ ಎಣಿಸುವ ಹಾಗೆ.
ಸೊಣ್ಣಪ್ಪನವರು ಕೊಟ್ಟ ಚೀಟಿಗೆ
ರೂಪಾಯಿಗೆ ರೂಪಾಯಿ ತಾಳೆಯಾಯಿತು.
ಎದ್ದು ಕುಣಿಯುವುದೊಂದು ಬಾಕಿ.

ಮೇಡಂ ಪರದೆಗೆ ಬಗ್ಗಿ, "ಸೋಮವಾರ ಎಲ್ಲಕ್ಕಾ?" ಎಂದರು.
ಈ ಭಾಷೆಯಲ್ಲಿ ಮೊದಲನೆಯದರ ನಂಬರು ಸೊನ್ನೆ.
ಒಂದರಿಂದ ಹೊರಟಿದ್ದಕ್ಕೆ
ಮೊದಲ ದಿನ ಹೊಸಿಲಾಚೆಯೇ ನಿಂತಿತ್ತು.

ಅಜ್ಜಿ ನೆನಪಾದಳು, ಕಣದಲ್ಲಿ ರಾಗಿ ಅಳೆಯುತ್ತಾ.
ಮೊದಲ ಸೇರಿಗೆ ಅವಳೆಂದೂ ಒಂದು ಎಂದವಳಲ್ಲ.
ಲಾಭ, ಎರಡು, ಮೂರು.
ಒಂದು ಅನ್ನದಿದ್ದರೂ
ಸೇರು ತುಂಬಿಯೇ ಇರುತ್ತಿತ್ತು.

ಸೊನ್ನೆ ಹಾಕಿದೆ. ಓಡಿಸಿದೆ.
ಚೀಟಿಗಿಂತ ಹೆಚ್ಚು ಬಂತು.
ನನ್ನದೇ ತಪ್ಪಿರಬೇಕೆಂದು
ಮತ್ತೆ ಮೇಲಿಂದ ಓದಿದೆ. ಚುಕ್ಕೆ, ಆವರಣ, ಅಂಚಿನ ಜಾಗ.
ಲೈಬ್ರರಿ ಬಾಗಿಲು ಹಾಕುವ ಹೊತ್ತಾಯಿತು. ತಪ್ಪಿಲ್ಲ.

ಬಟ್ಟಲು ತೊಳೆದು, ಗೂಡು ಆರಿಸಿ,
ಒಲೆಗೆ ಸೌದೆ ಒಟ್ಟಿ
ಹೊತ್ತು ಮುಳುಗಿಸಿ ಮನೆಗೆ ನಡೆದ ಸೋಮವಾರಗಳು
ಹನ್ನೊಂದು ಜನರಲ್ಲಿ ಒಬ್ಬರಿಗೂ
ಆ ಚೀಟಿಯಲ್ಲಿ ಎಂದೂ ಇರಲಿಲ್ಲ.

ನಾಳಿದ್ದು ಬಟವಾಡೆ.
ಎಂಜಲು ಬೆರಳಲ್ಲಿ ನೋಟು ಬಿಡಿಸುತ್ತಾ
ಸೊಣ್ಣಪ್ಪನವರು ಒಂದು ಎಂದು ಶುರು ಮಾಡುತ್ತಾರೆ.
ನಾನು ಈ ಸಲ
ಎರಡು ಸಮಚಿಹ್ನೆ ಇಡುತ್ತೇನೆ.