ವಾಹನ ಗಣತಿ

ಮೂಡುಕುರ್ವೆ ತಿರುವಿನಲ್ಲಿ, ಗೇರುಮರದ ಕೆಳಗೆ
ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದೆ ಮೂರು ದಿನ.
ಇಲಾಖೆಯ ನಮೂನೆ, ಎರಡು ಪೆನ್ನು, ಬಾಟಲಿ ನೀರು.
ಲಾರಿಗೊಂದು ಗೀಟು, ಬೈಕಿಗೊಂದು ಗೀಟು,
ಎತ್ತಿನ ಗಾಡಿಗೂ ಇದೆ ಕಾಲಂ, ಎತ್ತೇ ಇಲ್ಲ.

ಇಳಿತ ಮುಗಿಸಿ ಬಂದಳು ಬೀರಮ್ಮ ಅಂಬಿಗ,
ತಲೆಯ ಮೇಲೆ ಬಳಚಿನ ಬುಟ್ಟಿ, ಸೊಂಟದ ತನಕ ಕೆಸರು.
‘ಎಂತ ಬರೀತ್ರಿ?’
‘ರಸ್ತೆ ಬೇಕೋ ಬೇಡವೋ ಅಂತ.’
‘ಹಂಗಾರೆ ನನ್ನೂ ಬರ್ಕಣಿ.’
ಕಾಲಂ ಹುಡುಕಿದೆ.

ಕಾರವಾರದ ಸಭೆಯಲ್ಲಿ ಏಸಿ ಜೋರು.
ಪರದೆಯ ಮೇಲೆ ಊರುಗಳು ಅಂಕಿ ಹೊತ್ತು
ಒಂದರ ತಲೆ ಮೇಲೊಂದು ಹತ್ತುತ್ತಿದ್ದವು.
ಸಾಹೇಬರು ಕೆಟ್ಟವರಲ್ಲ;
ಬಿಸ್ಕತ್ತಿನ ತಟ್ಟೆ ನನ್ನ ಕಡೆಗೂ ತಳ್ಳಿದರು.
‘ಮೂಡುಕುರ್ವೆ?’
‘ಮೂರು ದಿನಕ್ಕೆ ಹನ್ನೊಂದು ವಾಹನ, ಸರ್.’
‘ಹನ್ನೊಂದಕ್ಕೆ ಡಾಂಬರೇನ್ರೀ?’
ಎಪ್ಪತ್ತೆರಡನೇ ಕ್ರಮಾಂಕ. ಮುಂದಿನದು.

ಜಲ್ಲಿಯನ್ನೇ ಕಾಣದ ದಾರಿಗೆ
ವಾಹನ ಹೇಗೆ ಬರಬೇಕು, ನಾನು ಕೇಳಲಿಲ್ಲ.
ದಿನಗೂಲಿಯವ. ಬಾಯಲ್ಲಿ ಬಿಸ್ಕತ್ತು ಬೇರೆ.

ಒಂದು ಮಾತ್ರ ಹೇಳಿಬಿಡುತ್ತೇನೆ:
ಆ ಹನ್ನೊಂದರಲ್ಲಿ ಮೂರು,
ದಿನಕ್ಕೊಂದರಂತೆ
ಎತ್ತಿನ ಗಾಡಿಯ ಕಾಲಂನಲ್ಲಿ ಎಳೆದ ಗೀಟು,
ಬೀರಮ್ಮ.